‘ತವರಿನಿಂದ ಬಂದದ್ದು’ ಎಂಬ ಮಾತಿಗೆ ಹೆದರಿ

ಪ್ರಶ್ನೆ: ನನಗೆ 36 ವರ್ಷ, ಶಿವಮೊಗ್ಗದಲ್ಲಿ ಬ್ಯಾಂಕ್ ಉದ್ಯೋಗಿ. ನಾಲ್ಕೂವರೆ ವರ್ಷದ ಮಗನಿಗೆ ಆಟಿಸಂ (ಬೆರೆಯುವ, ಮಾತನಾಡುವ ರೀತಿ ಬಾಲ್ಯದಿಂದಲೇ ಬೇರೆಯಾಗಿರುವ ಸ್ಥಿತಿ) ಇದೆಯೆಂದು ಮೂರು ತಿಂಗಳ ಹಿಂದೆ ತಿಳಿಯಿತು. ಅವನು ಡಬ್ಬಿಗಳ ಮುಚ್ಚಳಗಳನ್ನು ಅಳತೆಯ ಪ್ರಕಾರ ಸಾಲಾಗಿ ಜೋಡಿಸುತ್ತಾನೆ, ಕುಕ್ಕರ್ ಕೂಗಿದರೆ ಕಿವಿ ಮುಚ್ಚಿಕೊಳ್ಳುತ್ತಾನೆ. ನಾನೂ ಹಾಗೆಯೇ ಇದ್ದೆನೆಂದು ಅಮ್ಮ ಹೇಳುತ್ತಾರೆ. ಕೌಂಟರಿನಲ್ಲಿ ಗ್ರಾಹಕರ ಕಣ್ಣನ್ನು ನೋಡಬೇಕಾದಾಗ ನಾನು ಮನಸ್ಸಿನಲ್ಲೇ ಮೂರರವರೆಗೆ ಎಣಿಸುತ್ತೇನೆ. ಮದುವೆಗೆ ಹೋದರೆ ಉಗ್ರಾಣದಲ್ಲಿ ಕುಳಿತು ತಾಂಬೂಲದ ಚೀಲಗಳಿಗೆ ತೆಂಗಿನಕಾಯಿ ತುಂಬುತ್ತೇನೆ. ಮನೆಗೆ ಬಂದ ಮೇಲೆ ಎರಡು ದಿನ ಯಾರೊಂದಿಗೂ ಮಾತನಾಡಲಾರೆ. ಹತ್ತು ವರ್ಷಗಳಿಂದ ಆತಂಕಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಅಂತರಜಾಲದಲ್ಲಿ ಸಿಕ್ಕಿದ, ಆಟಿಸಂ ಬಗೆಗಿನ 50 ಪ್ರಶ್ನೆಗಳ ಪರೀಕ್ಷೆಯಲ್ಲಿ ನನಗೆ 34 ಅಂಕ ಬಂತು. ಗರ್ಭಿಣಿಯಾಗಿದ್ದಾಗ ಕೆಲಸಕ್ಕೆ ಹೋದದ್ದೇ ಎಲ್ಲಕ್ಕೂ ಕಾರಣ ಎನ್ನುತ್ತಾರೆ ಅತ್ತೆ. ನನಗೂ ಇದೇ ಇದೆಯೆಂದಾದರೆ ‘ತವರಿನಿಂದ ಬಂದದ್ದು’ ಎಂದು ಮುಗಿಸಿಬಿಡುತ್ತಾರೆ. ಲಸಿಕೆಯೇ ಕಾರಣವೆಂಬ ಸಂದೇಶಗಳನ್ನು ಕಳಿಸುವ ಮೈದುನನ ಮದುವೆ ಮುಂದಿನ ತಿಂಗಳಿದೆ. ನಾನು ತಪಾಸಣೆ ಮಾಡಿಸಿಕೊಳ್ಳಬೇಕೆ? ಪತಿಗೆ ಹೇಳಬೇಕೆ? ಕೆಲವು ರಾತ್ರಿ, ಬೆಳಗ್ಗೆ ಏಳದೇ ಹೋದರೆ ಸಾಕೆನಿಸುತ್ತದೆ.
– ಹೆಸರು ಬೇಡ

ಉತ್ತರ: ನಿಮ್ಮ ಪತ್ರದ ಕೊನೆಯ ವಾಕ್ಯವನ್ನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಬರೆದರೂ ಆಯಿತು, ಬಿಟ್ಟರೂ ಆಯಿತು ಎಂಬಂತೆ ನೀವು ಅದನ್ನು ಬರೆದಿದ್ದೀರಿ. ನಿಮಗೆ ಮಾತ್ರೆ ಕೊಡುತ್ತಿರುವ ವೈದ್ಯರಿಗೆ ಈ ವಾರವೇ, ಇದೇ ಮಾತುಗಳಲ್ಲಿ ಇದನ್ನು ಹೇಳಿ. ಮುಂದಿನ ಭೇಟಿಯ ದಿನಾಂಕಕ್ಕೆ ಕಾಯಬೇಡಿ. ಎದುರು ಕುಳಿತಾಗ ಬಾಯಿ ಬಾರದಿದ್ದರೆ ಚೀಟಿಯಲ್ಲಿ ಬರೆದು ಕೊಡಿ. ಯೋಚನೆಯು ಸಾಯುವ ದಾರಿಯನ್ನು ಹುಡುಕುವ ಕಡೆಗೆ ತಿರುಗಿದರೆ ಆ ರಾತ್ರಿಯೇ ಪತಿಯನ್ನು ಎಬ್ಬಿಸಿ ಆಸ್ಪತ್ರೆಗೆ ಹೋಗಿ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತವಾಗಿ, ಕನ್ನಡದಲ್ಲಿಯೇ ಸಿಗುತ್ತದೆ. ಮಗನ ವಿಷಯ, ಅತ್ತೆಯವರ ವಿಷಯ, ಅಂಕದ ವಿಷಯ ಎಲ್ಲವೂ ಇದರ ನಂತರದವು.

ಇನ್ನು ಆಟಿಸಂ ಎಲ್ಲಿಂದ ಬಂತು ಎಂಬ ಪ್ರಶ್ನೆ. ತಾಯಿಯನ್ನು ಕಟಕಟೆಯಲ್ಲಿ ನಿಲ್ಲಿಸುವ ಅಭ್ಯಾಸ ನಿಮ್ಮ ಅತ್ತೆಯವರಿಂದ ಆರಂಭವಾದದ್ದಲ್ಲ, ಹೆಸರಾಂತ ವೈದ್ಯರೇ ಆ ಕೆಲಸ ಮಾಡಿದ್ದಾರೆ. 1943ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿದ್ದ ಮನೋವೈದ್ಯ ಲಿಯೋ ಕ್ಯಾನರ್ ಆಟಿಸಂ ಇದ್ದ 11 ಮಕ್ಕಳ ವೃತ್ತಾಂತವನ್ನು ಬರೆದು, ಇದು ಹುಟ್ಟಿನಿಂದಲೇ ಬಂದ ಸ್ಥಿತಿಯೆಂದು ಭಾವಿಸಬೇಕಾಗುತ್ತದೆ ಎಂದರು. ಅದೇ ಲೇಖನದಲ್ಲಿ, ಆ ಮಕ್ಕಳ ತಂದೆತಾಯಿಯರಲ್ಲಿ ನಿಜವಾದ ಅಕ್ಕರೆಯುಳ್ಳವರು ಕಡಿಮೆ ಎಂಬ ಮಾತನ್ನೂ ಸೇರಿಸಿದರು. ಲೋಕ ಹಿಡಿದುಕೊಂಡದ್ದು ಎರಡನೆಯ ಮಾತನ್ನು. 1950 ಮತ್ತು 60ರ ದಶಕಗಳಲ್ಲಿ ಎಷ್ಟೋ ತಾಯಂದಿರು, ಅಕ್ಕರೆ ತೋರದೆ ಮಗುವಿಗೆ ಆಟಿಸಂ ತಂದ ‘ಫ್ರಿಜ್ಜಿನಂಥ ತಾಯಿ’ ಎಂಬ ಹಣೆಪಟ್ಟಿಯನ್ನು ಹೊತ್ತು ಬದುಕಿದರು.

ಆ ಹಣೆಪಟ್ಟಿಯನ್ನು ಕಿತ್ತುಹಾಕಲು ನೆರವಾದದ್ದು ಅವಳಿಗಳ ಅಧ್ಯಯನ. ಸೂಸನ್ ಫೋಲ್‌ಸ್ಟೀನ್ ಮತ್ತು ಮೈಕೆಲ್ ರಟ್ಟರ್ 1977ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಒಬ್ಬರಿಗಾದರೂ ಆಟಿಸಂ ಇದ್ದ 21 ಅವಳಿ ಜೋಡಿಗಳಿದ್ದವು. ವಂಶವಾಹಿಗಳು ಒಂದೇ ಆಗಿರುವ ತದ್ರೂಪಿ ಅವಳಿಗಳ 11 ಜೋಡಿಗಳಲ್ಲಿ 4ರಲ್ಲಿ ಇಬ್ಬರಿಗೂ ಆಟಿಸಂ ಇತ್ತು. ತದ್ರೂಪಿಗಳಲ್ಲದ 10 ಜೋಡಿಗಳಲ್ಲಿ ಒಂದರಲ್ಲಿಯೂ ಹಾಗಿರಲಿಲ್ಲ. ನಿಮ್ಮ ಮಟ್ಟಿಗೆ ಇದಕ್ಕಿಂತ ಮುಖ್ಯವಾದ ಸಂಗತಿಯೊಂದು ಅಲ್ಲಿದೆ: ತದ್ರೂಪಿ ಜೋಡಿಗಳಲ್ಲಿ ಆಟಿಸಂ ಇಲ್ಲವೆನಿಸಿಕೊಂಡ ಇನ್ನೊಬ್ಬರಲ್ಲಿಯೂ ಅನೇಕರಿಗೆ ಮಾತು, ಕಲಿಕೆಗಳಲ್ಲಿ ಏನಾದರೊಂದು ತೊಡಕಿತ್ತು. ಅಂದರೆ ಈ ಲಕ್ಷಣಗಳು ಒಬ್ಬರಲ್ಲಿ ಗಾಢವಾಗಿ, ಇನ್ನೊಬ್ಬರಲ್ಲಿ ತೆಳುವಾಗಿ ಒಂದೇ ವಂಶದಲ್ಲಿ ಹರಿಯಬಲ್ಲವು. ನಿಮ್ಮ ಮಗನ ಮುಚ್ಚಳಗಳ ಸಾಲಿನಲ್ಲಿ ನಿಮ್ಮ ಬಾಲ್ಯ ಕಂಡದ್ದು ಬರಿಯ ಭ್ರಮೆಯಾಗಿರಬೇಕಿಲ್ಲ.

2019ರಲ್ಲಿ ಡೆನ್ಮಾರ್ಕ್, ಸ್ವೀಡನ್, ಫಿನ್‌ಲೆಂಡ್, ಇಸ್ರೇಲ್ ಮತ್ತು ಪಶ್ಚಿಮ ಆಸ್ಟ್ರೇಲಿಯಾದ ಸುಮಾರು 20 ಲಕ್ಷ ಮಕ್ಕಳ ದಾಖಲೆಗಳನ್ನು ಪರಿಶೀಲಿಸಿದಾಗ, ಆಟಿಸಂ ವಿಷಯದಲ್ಲಿ ಜನರ ನಡುವೆ ಇರುವ ವ್ಯತ್ಯಾಸದ ಶೇ 80ರಷ್ಟು ಪಾಲು ಅನುವಂಶಿಕ ಕಾರಣಗಳದ್ದೆಂದು ಕಂಡುಬಂತು. ತಾಯಿಯ ಗರ್ಭದ ಪರಿಸ್ಥಿತಿಯ ಮೂಲಕ ಆಗುವ ಪರಿಣಾಮದ ಪಾಲು ಇಲ್ಲವೆನ್ನುವಷ್ಟು ಸಣ್ಣದಾಗಿತ್ತು. ಗರ್ಭಿಣಿಯಾಗಿದ್ದಾಗ ಬ್ಯಾಂಕಿನಲ್ಲಿ ಕುಳಿತು ಕೆಲಸ ಮಾಡಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಅವಧಿಗೆ ಬಹಳ ಮುನ್ನ ಹೆರಿಗೆಯಾಗುವುದು, ಅಪಸ್ಮಾರಕ್ಕೆ ಕೊಡುವ ವಾಲ್‌ಪ್ರೋಯೇಟ್ ಎಂಬ ಔಷಧಿಯನ್ನು ಗರ್ಭಿಣಿ ಸೇವಿಸುವುದು, ತಂದೆಯ ವಯಸ್ಸು ಹೆಚ್ಚಾಗಿರುವುದು ಮುಂತಾದವು ಸಾಧ್ಯತೆಯನ್ನು ಹೆಚ್ಚಿಸುತ್ತವೆಂಬುದು ನಿಜ. ನೌಕರಿ ಆ ಪಟ್ಟಿಯಲ್ಲಿಲ್ಲ. ಮೈದುನನ ಲಸಿಕೆಯ ಸಂದೇಶಗಳ ಮೂಲ 1998ರಲ್ಲಿ ಕೇವಲ 12 ಮಕ್ಕಳನ್ನಿಟ್ಟುಕೊಂಡು ಬರೆದ ಒಂದು ಲೇಖನ. ಅದನ್ನು ಪ್ರಕಟಿಸಿದ್ದ ‘ಲ್ಯಾನ್ಸೆಟ್’ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. ಅದಕ್ಕೆ ಉತ್ತರ ಬರೆಯುತ್ತ ನಿದ್ದೆ ಕೆಡಿಸಿಕೊಳ್ಳಬೇಡಿ.

ಆದರೆ ಆ ಶೇ 80ರ ಲೆಕ್ಕವನ್ನು ನಿಮ್ಮ ಮೇಲೆಯೇ ತಿರುಗಿಸಿಕೊಳ್ಳುವ ಅಪಾಯವಿದೆ. ಅದು ಇಡೀ ಜನಸಮೂಹದ ಬಗೆಗಿನ ಮಾತು. ನಿಮ್ಮ ಮಗನಲ್ಲಿ ಎಷ್ಟು ಪಾಲು ಯಾರದು ಎಂಬುದನ್ನು ಅದು ಹೇಳುವುದಿಲ್ಲ. ಇದರಲ್ಲಿ ನೂರಾರು ವಂಶವಾಹಿಗಳು ಕೈಜೋಡಿಸಿರುತ್ತವೆ, ಎರಡೂ ಮನೆತನಗಳಿಂದ ಬಂದಿರುತ್ತವೆ, ಕೆಲವೊಮ್ಮೆ ತಂದೆತಾಯಿ ಇಬ್ಬರಲ್ಲಿಯೂ ಇಲ್ಲದ ಹೊಸ ಬದಲಾವಣೆ ಮಗುವಿನಲ್ಲಿ ಮೂಡಿರುತ್ತದೆ. ದಿನಗಟ್ಟಲೆ ಯಾರೊಂದಿಗೂ ಮಾತನಾಡದೆ ಹಳೆಯ ರೇಡಿಯೊ ಬಿಚ್ಚಿ ಜೋಡಿಸುತ್ತ ಕೂರುವ ಒಬ್ಬ ದೊಡ್ಡಪ್ಪ ನಿಮ್ಮ ಪತಿಯ ಮನೆಯಲ್ಲಿಯೂ ಇದ್ದಿರಬಹುದು. ಗಂಡಸರಾದರೆ ಅದನ್ನು ‘ಅವರ ಸ್ವಭಾವವೇ ಹಾಗೆ’ ಎಂದು ಬಿಟ್ಟುಬಿಡುವುದು ನಮ್ಮಲ್ಲಿ ರೂಢಿ.

ನಿಮ್ಮ ಆತಂಕದ ವಿಷಯಕ್ಕೆ ಬರೋಣ. ನನಗೆ ಈ ಪತ್ರದಲ್ಲಿ ಹೆಚ್ಚು ಕಾಡಿದ್ದು ಅದೇ. 2019ರಲ್ಲಿ ಪ್ರಕಟವಾದ ದೊಡ್ಡದೊಂದು ವಿಶ್ಲೇಷಣೆಯ ಪ್ರಕಾರ ಆಟಿಸಂ ಉಳ್ಳವರಲ್ಲಿ ಶೇ 20ರಷ್ಟು ಮಂದಿಗೆ ಆತಂಕದ ಕಾಯಿಲೆ, ಶೇ 11ರಷ್ಟು ಮಂದಿಗೆ ಖಿನ್ನತೆ ಇರುತ್ತದೆ. ಇದಕ್ಕೆ ಹುಟ್ಟುಗುಣವೊಂದೇ ಕಾರಣವಲ್ಲ. ಕಣ್ಣಲ್ಲಿ ಕಣ್ಣಿಡಲು ಮೂರರವರೆಗೆ ಎಣಿಸುವುದು, ಫೋನ್ ಮಾಡುವ ಮುನ್ನ ವಾಕ್ಯಗಳನ್ನು ಬಾಯಿಪಾಠ ಮಾಡುವುದು, ಎಲ್ಲರೂ ನಕ್ಕಾಗ ಒಂದು ಕ್ಷಣ ತಡವಾಗಿ ನಗುವುದು – ಹೀಗೆ ಬೆಳಗಿನಿಂದ ಸಂಜೆಯವರೆಗೆ ಇನ್ನೊಬ್ಬರ ಹಾಗೆ ಕಾಣಿಸಿಕೊಳ್ಳುವ ದುಡಿಮೆಗೆ ತಜ್ಞರು ಮರೆಮಾಚುವಿಕೆ ಎನ್ನುತ್ತಾರೆ. ಹೆಣ್ಣುಮಕ್ಕಳಲ್ಲಿ ಇದು ಹೆಚ್ಚು. ಅವರ ಆಟಿಸಂ ನಡುವಯಸ್ಸಿನವರೆಗೆ ಯಾರ ಕಣ್ಣಿಗೂ ಬೀಳದಿರಲು, ಆತಂಕವೋ ಖಿನ್ನತೆಯೋ ಎಂಬ ಹೆಸರಿನಲ್ಲಿ ಮಾತ್ರ ಚಿಕಿತ್ಸೆ ನಡೆಯಲು ಇದೂ ಒಂದು ಕಾರಣ. ಮದುವೆ ಮುಗಿಸಿ ಬಂದ ಮೇಲಿನ ಎರಡು ದಿನಗಳ ಮೌನವನ್ನು ನೀವು ಸೋಮಾರಿತನವೆಂದೋ ಸೊಕ್ಕೆಂದೋ ಕೇಳಿಸಿಕೊಂಡಿರಬಹುದು. ನನಗೆ ಅದು ದಣಿವಿನಂತೆ ಕಾಣುತ್ತದೆ.

ಹಾಗೆಂದು 34 ಅಂಕವನ್ನೇ ತೀರ್ಪೆಂದು ಎಣಿಸಬೇಡಿ. ಕೇಂಬ್ರಿಡ್ಜಿನ ಸಂಶೋಧಕರು 2001ರಲ್ಲಿ ರೂಪಿಸಿದ ಆ 50 ಪ್ರಶ್ನೆಗಳಲ್ಲಿ 32 ಅಥವಾ ಅದಕ್ಕಿಂತ ಹೆಚ್ಚಿನ ಅಂಕ ಗಮನಿಸಬೇಕಾದದ್ದು ಹೌದು. ಆದರೆ ಬಹುಕಾಲದಿಂದ ಆತಂಕವಿರುವವರೂ ಅದರಲ್ಲಿ ಹೆಚ್ಚು ಅಂಕ ಪಡೆಯುವುದುಂಟು. ಎರಡನ್ನೂ ಬೇರ್ಪಡಿಸಲು ಬಾಲ್ಯದ ಸಾಕ್ಷ್ಯ ಬೇಕು, ಏಕೆಂದರೆ ಆತಂಕ ಯಾವ ವಯಸ್ಸಿನಲ್ಲಿಯೂ ಆರಂಭವಾಗಬಹುದು, ಆಟಿಸಂ ಬಾಲ್ಯದಿಂದಲೇ ಇರಬೇಕು. ಆ ಸಾಕ್ಷ್ಯ ನಿಮ್ಮ ಅಮ್ಮನ ನೆನಪಿನಲ್ಲಿದೆ. ಆದ್ದರಿಂದ ತಪಾಸಣೆ ಮಾಡಿಸಿಕೊಳ್ಳಿ ಎಂಬುದೇ ನನ್ನ ಅಭಿಪ್ರಾಯ. ರಾತ್ರಿಗಳು ಒಂದಿಷ್ಟು ಸುಧಾರಿಸಿದ ಮೇಲೆ, ಅಮ್ಮನನ್ನು ಜೊತೆಗೆ ಕರೆದುಕೊಂಡು. ವಯಸ್ಕರ ಆಟಿಸಂ ನೋಡಿದ ಅನುಭವವಿದೆಯೇ ಎಂದು ವೈದ್ಯರನ್ನು ಮೊದಲೇ ಕೇಳಿ. ಹತ್ತಿರದಲ್ಲಿ ಅಂಥವರಿಲ್ಲದಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಪತ್ರ ಕೊಡಲು ಹೇಳಿ. ಫಲಿತಾಂಶ ಏನೇ ಬಂದರೂ ನಿಮ್ಮ ಆತಂಕದ ಚಿಕಿತ್ಸೆಯ ರೀತಿಯನ್ನು ಅದು ಬದಲಿಸಬಲ್ಲದು: ಜನರ ನಡುವೆ ಇನ್ನಷ್ಟು ಬೆರೆಯಿರಿ ಎಂಬ ಸಲಹೆ ಒಬ್ಬರಿಗೆ ಔಷಧಿಯಾದರೆ ಇನ್ನೊಬ್ಬರನ್ನು ಹಾಸಿಗೆ ಹಿಡಿಸುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ಪ್ರಮಾಣಪತ್ರ ಪಡೆಯುವುದೂ ಬಿಡುವುದೂ ನಿಮ್ಮ ಇಷ್ಟ.

ಪತಿಗೆ ತಪಾಸಣೆಗೆ ಮೊದಲೇ ಹೇಳಿ, ರಾತ್ರಿಯ ಯೋಚನೆಯನ್ನೂ ಸೇರಿಸಿ. ಅತ್ತೆಯವರಿಗೆ ಹೇಳಲೇಬೇಕೆಂಬ ಕಟ್ಟು ಯಾವುದೂ ಇಲ್ಲ. ಮಗನ ಬಗ್ಗೆ ಅವರಿಗೆ ತಿಳಿಯಬೇಕಾದದ್ದನ್ನು ಅವರ ಮಗನೇ ವೈದ್ಯರೆದುರು ಕೂರಿಸಿ ಹೇಳಿಸಲಿ. ಸೊಸೆಯ ಬಾಯಿಂದ ಬಂದರೆ ವಾದವೆನಿಸುವುದು ವೈದ್ಯರ ಬಾಯಿಂದ ಬಂದಾಗ ಮಾಹಿತಿಯಾಗುತ್ತದೆ, ಏನು ಮಾಡುವುದು.

ಮದುವೆಯಲ್ಲಿ ತಾಂಬೂಲದ ಚೀಲಗಳ ಜವಾಬ್ದಾರಿ ನನಗೇ ಇರಲಿ ಎಂದು ಈಗಲೇ ಕೇಳಿಕೊಳ್ಳಿ. ಅಡಗಿ ಕುಳಿತಂತೆ ಆಗುವುದಿಲ್ಲ, ಕೆಲಸವೂ ಆಗುತ್ತದೆ. ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಡಿಕೆಪೊಟ್ಟಣಗಳನ್ನು ಸಾಲಾಗಿ ಜೋಡಿಸಲು ಕೊಡಿ. ಮುಹೂರ್ತದ ಗಳಿಗೆಯನ್ನು ಪುರೋಹಿತರಲ್ಲಿ ಮೊದಲೇ ವಿಚಾರಿಸಿ, ಗಟ್ಟಿಮೇಳಕ್ಕೆ ಐದು ನಿಮಿಷ ಇರುವಾಗ ಪತಿ ಅವನನ್ನು ಹೊರಗಿನ ಅಂಗಳಕ್ಕೆ ಕರೆದೊಯ್ಯಲಿ. ನೀವು ಅಕ್ಷತೆ ಹಾಕಿ ಅವರನ್ನು ಸೇರಿಕೊಳ್ಳಿ. ಮರುದಿನಕ್ಕೂ ಅದರ ಮರುದಿನಕ್ಕೂ ರಜೆ ಹಾಕಿ.