ಡಿಸೆಂಬರ್‌ನಲ್ಲಿ ಬಳ್ಳಾರಿಯಿಂದ ಅಂಡಮಾನ್ ಟ್ರಿಪ್: ಚೆನ್ನೈಗೆ ಚಂಡಮಾರುತ ಬಂದರೆ ಟಿಕೆಟ್ ಗತಿ ಏನು?

ಮೊದಲು ಒಂದು ಮಾತು: ಹೆದರಿ ನೀವೇ ವಿಮಾನದ ಟಿಕೆಟ್ ಕ್ಯಾನ್ಸಲ್ ಮಾಡಬೇಡಿ. ನೀವು ಮಾಡಿದರೆ ಶುಲ್ಕ ಮುರಿದುಕೊಳ್ಳುತ್ತಾರೆ. ವಿಮಾನ ಕಂಪನಿಯೇ ರದ್ದು ಮಾಡಿದರೆ ಪೂರ್ತಿ ಹಣ ವಾಪಸ್ ಅಥವಾ ಬೇರೆ ವಿಮಾನ ಕೇಳಬಹುದು. ಹವಾಮಾನ ಕಾರಣವಾದ್ದರಿಂದ ಪರಿಹಾರದ ಹಣ ಮಾತ್ರ ಸಿಗುವುದಿಲ್ಲ. ಚಂಡಮಾರುತ ಹತ್ತಿರ ಬಂದಾಗ ಕಂಪನಿಗಳು ಸಾಮಾನ್ಯವಾಗಿ ಶುಲ್ಕವಿಲ್ಲದೆ ದಿನ ಬದಲಿಸಲು ಬಿಡುತ್ತವೆ. ಅದಕ್ಕೆ ಕಾಯಿರಿ.

ನಮ್ಮ ಕಡೆಯವರಿಗೆ ನಿಜವಾದ ಪೆಟ್ಟು ಬೀಳುವುದು ದಾರಿಯಲ್ಲಿ ರೈಲು, ವಿಮಾನ ಬದಲಿಸುವ ಕಡೆ. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರು, ಅಲ್ಲಿಂದ ಚೆನ್ನೈ, ಆಮೇಲೆ ಅಂಡಮಾನ್‌ನ ಪೋರ್ಟ್ ಬ್ಲೇರ್ (ಈಗಿನ ಹೆಸರು ಶ್ರೀ ವಿಜಯ ಪುರಂ). ಎರಡು ವಿಮಾನ ಬೇರೆ ಬೇರೆ ಪಿಎನ್‌ಆರ್‌ನಲ್ಲಿದ್ದು (ಬುಕಿಂಗ್ ಸಂಖ್ಯೆ), ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಆ ದುಡ್ಡು ಹೋದ ಹಾಗೆಯೇ. ಒಂದೇ ಪಿಎನ್‌ಆರ್ ಮಾಡಿಸಿ; ಬೆಂಗಳೂರಿನಿಂದ ನೇರ ವಿಮಾನ ಸಿಕ್ಕರೆ ಚೆನ್ನೈ ತಂಟೆಯೇ ಬೇಡ. ವಿಮಾನ ರದ್ದಾಯಿತೆಂದು ರೈಲ್ವೆಯವರು ಹಣ ಕೊಡುವುದಿಲ್ಲ, ರೈಲು ಟಿಕೆಟ್ಟನ್ನು ನೀವೇ ಬೇಗ ರದ್ದು ಮಾಡಬೇಕು.

ಮಳೆ ನಿಂತ ಕೂಡಲೇ ಎಲ್ಲ ಸರಿಹೋಗುವುದಿಲ್ಲ. 2023ರ ಡಿಸೆಂಬರ್ 4ರಂದು ಮಿಚಾಂಗ್ ಚಂಡಮಾರುತದ ಹೊತ್ತಿಗೆ ಚೆನ್ನೈ ರನ್‌ವೇಗೆ ನೀರು ನುಗ್ಗಿ, ನಿಲ್ದಾಣ ಮರುದಿನ ಬೆಳಗಿನವರೆಗೆ ಬಂದ್ ಆಗಿತ್ತು. ರನ್‌ವೇ ತೆರೆದರೂ ವಿಮಾನಗಳು ಬೇರೆ ಊರುಗಳಲ್ಲಿ ಸಿಕ್ಕಿಕೊಂಡಿರುತ್ತವೆ, ಪೈಲಟ್‌ಗಳ ಡ್ಯೂಟಿ ಅವಧಿ ಮುಗಿದಿರುತ್ತದೆ. ಹಾಗಾಗಿ ಊರಿಗೆ ಬಂದ ಮರುದಿನವೇ ಕೆಲಸಕ್ಕೆ ಹಾಜರಾಗುವ ಲೆಕ್ಕ ಹಾಕಬೇಡಿ. ಎರಡು ದಿನ ರಜೆ ಕೈಯಲ್ಲಿರಲಿ.

ಪ್ರಯಾಣ ವಿಮೆಯನ್ನು ಟಿಕೆಟ್ ಜೊತೆಗೇ ಕೊಳ್ಳಿ. ಚಂಡಮಾರುತಕ್ಕೆ ಹೆಸರಿಟ್ಟ ಮೇಲೆ ಕೊಂಡ ಪಾಲಿಸಿ ಸಾಮಾನ್ಯವಾಗಿ ಅದೇ ಚಂಡಮಾರುತದ ನಷ್ಟ ಕಟ್ಟಿಕೊಡುವುದಿಲ್ಲ.