ಶಿಕ್ಷೆಯಾದರೆ ವಕೀಲರ ಶುಲ್ಕ ಕಟ್ಟಬೇಕಂತೆ, ವಕೀಲರೇ ಬೇಡ ಎನ್ನಬಹುದೇ?

ಅಮೆರಿಕದ ಫ್ಲೋರಿಡಾದಲ್ಲಿ ಕೇಸಿಗೆ ಸಿಕ್ಕಿರುವ ತಮ್ಮ ಶುಲ್ಕ ಉಳಿಸಲು ಕೋರ್ಟು ಕೊಟ್ಟ ವಕೀಲರನ್ನು ಬಿಡಬಹುದೇ, ಬಡವನೆಂದರೆ ಆ ಶುಲ್ಕ ಮನ್ನಾ ಆಗುತ್ತದೆಯೇ ಎಂದು ಕೇಳಿದ್ದೀರಿ. ಅವನು ನಿಂತಿರುವ ಜಾಗದಲ್ಲಿ ನಾನೂ ನಿಂತಿದ್ದೆ, ಅದೂ ಫ್ಲೋರಿಡಾದಲ್ಲಿಯೇ. ನೂರು ಡಾಲರ್ ಉಳಿಸಲು ಕೋರ್ಟು ಕೊಟ್ಟ ವಕೀಲರನ್ನು ಬಿಡುವ ಯೋಚನೆಯನ್ನು ಇವತ್ತೇ ಕೈಬಿಡಿ. ನನ್ನನ್ನು ಮುಳುಗಿಸಿದ್ದು ಶುಲ್ಕವಲ್ಲ, ನನ್ನ ಬಾಯಿ.

ಆಗ ಎಂ.ಎಸ್. ಓದುತ್ತಿದ್ದೆ, ಕ್ಯಾಂಪಸ್ಸಿನ ಗ್ರಂಥಾಲಯದಲ್ಲಿ ಗಂಟೆ ಲೆಕ್ಕದ ಕೆಲಸ. ಒಂದು ರಾತ್ರಿ ಕಾರನ್ನು ಮನಸ್ಸಿಗೆ ಬಂದಂತೆ ಓಡಿಸಿ ಸಿಕ್ಕಿಬಿದ್ದೆ. ಅಲ್ಲಿ ಅದು ದಂಡ ಕಟ್ಟಿ ಮರೆಯುವ ಚೀಟಿಯಲ್ಲ. ಮೊದಲ ಸಲವೇ 90 ದಿನದವರೆಗೆ ಜೈಲು ಆಗಬಹುದಾದ ಅಪರಾಧ. ಆದಾಯ ಅಲ್ಲಿನ ಬಡತನ ಮಿತಿಯ ಎರಡು ಪಟ್ಟನ್ನು ದಾಟದಿದ್ದರೆ ಪಬ್ಲಿಕ್ ಡಿಫೆಂಡರ್, ಅಂದರೆ ಬಡ ಆರೋಪಿಯ ಪರ ವಾದಿಸಲು ಕೋರ್ಟು ಕೊಡುವ ವಕೀಲರು, ಸಿಗುತ್ತಾರೆ. (ದಯವಿಟ್ಟು ಅವರನ್ನು 'ಸರ್ಕಾರಿ ವಕೀಲರು' ಎಂದು ಬರೆಯಬೇಡಿ. ನಮ್ಮ ಕಡೆ ಆ ಹೆಸರಿನವರು ಎದುರು ಪಕ್ಷದಲ್ಲಿ ನಿಂತಿರುತ್ತಾರೆ!) ನನಗೂ ಸಿಕ್ಕರು. ಊರಿನ ಕಾನೂನು ಸೇವಾ ಪ್ರಾಧಿಕಾರದ ನೆರವಿನಂತೆ ಇದೂ ಪೂರ್ತಿ ಉಚಿತ ಎಂದುಕೊಂಡೆ. ಬಡವನಿಗೆ ವಕೀಲರನ್ನು ಕೊಡಲೇಬೇಕು ಎಂದು 1963ರಲ್ಲಿ ಗಿಡಿಯನ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಹೇಳಿದ್ದು ಇದೇ ಫ್ಲೋರಿಡಾಕ್ಕೆ. ಕೊಟ್ಟ ಮೇಲೆ ಬಿಲ್ಲು ಕಳಿಸಬಾರದು ಎಂದು ಹೇಳಲಿಲ್ಲ. ಅರ್ಜಿಗೆ 50 ಡಾಲರ್, ಶಿಕ್ಷೆಯಾದರೆ ವಕೀಲರ ಲೆಕ್ಕಕ್ಕೆ ಕನಿಷ್ಠ 50, ದೊಡ್ಡ ಅಪರಾಧವಾದರೆ 100. ನನ್ನ ಮೇಲೆ ಕೇಸು ನಡೆಸಿದ ಖರ್ಚೆಂದು ಇನ್ನೊಂದು 50. ಇವುಗಳ ಮೇಲೆ ದಂಡ, ಕೋರ್ಟು ಖರ್ಚು.

ತೀರ್ಪಿನ ದಿನ ನ್ಯಾಯಾಧೀಶರು ಕೇಳಿದರು: "ಇದನ್ನೆಲ್ಲ ಆರು ತಿಂಗಳಲ್ಲಿ ಕಟ್ಟಲು ಆಗುತ್ತದೆಯೇ?" ಹಿಂದಿನ ಬೆಂಚಿನಲ್ಲಿ ನನ್ನನ್ನು ಕರೆತಂದಿದ್ದ ದಾವಣಗೆರೆಯ ರೂಮ್‌ಮೇಟ್ ಕೂತಿದ್ದ. ಅವನಿಗೆ ನಾನು ಕೊಡಬೇಕಿದ್ದ ಬಾಡಿಗೆಯ ಪಾಲು ಆಗಲೇ ಎರಡು ತಿಂಗಳಿಂದ ಬಾಕಿ. ಅವನ ಕಿವಿಗೆ ಬೀಳುವಂತೆ "ದುಡ್ಡಿಲ್ಲ" ಎನ್ನಲು ನಾಲಿಗೆ ಏಳಲಿಲ್ಲ. "ಕಟ್ಟುತ್ತೇನೆ ಸರ್" ಎಂದೆ. ಅರ್ಜಿಯಲ್ಲಿ ಬಡವನೆಂದು ಸಹಿ ಹಾಕಿದವನು ಬಾಯಲ್ಲಿ ಸಾಹುಕಾರನಾದೆ. ನನ್ನ ವಕೀಲರು ತಿರುಗಿ ನೋಡಿದರು. ಆಗಲೂ ತಿದ್ದಿಕೊಳ್ಳಬಹುದಿತ್ತು, ಒಂದೇ ವಾಕ್ಯ ಸಾಕಿತ್ತು. ನಾನು ನಗುತ್ತಾ ತಲೆಯಾಡಿಸಿದೆ. ಆ ನಗು ಈಗಲೂ ನೆನಪಾದರೆ ಮೈ ಉರಿಯುತ್ತದೆ. ಅವರು ಮುಂದಿನ ಫೈಲು ತೆಗೆದರು.

ಆರು ತಿಂಗಳಲ್ಲಿ ನಾನು ಕಟ್ಟಿದ್ದು ಅರ್ಧಕ್ಕಿಂತ ಕಡಿಮೆ. ಉಳಿದದ್ದು ವಸೂಲಿ ಏಜೆನ್ಸಿಗೆ ಹೋಯಿತು. ಅವರು ತಮ್ಮ ಪಾಲೆಂದು ಶೇಕಡಾ 40ರವರೆಗೆ ಸೇರಿಸಬಹುದು, ಸೇರಿಸಿದರು. ಲೈಸೆನ್ಸ್ ಅಮಾನತಾಯಿತು. ಅದನ್ನು ತಿಳಿಸುವ ಪತ್ರ ನಾನು ಬಿಟ್ಟುಬಂದ ಮನೆಯ ವಿಳಾಸಕ್ಕೆ ಹೋಗಿತ್ತು. ಪೊಲೀಸರು ಎರಡನೇ ಸಲ ಕಾರು ನಿಲ್ಲಿಸಿದಾಗಲೇ ನನಗೆ ಗೊತ್ತಾದದ್ದು.

ಬಡವನೆಂದರೆ ಮನ್ನಾ ಮಾಡುತ್ತಾರೆ ಎಂಬ ನಿಮ್ಮ ಆಸೆಯೂ ಸರಿಯಲ್ಲ. ಅಲ್ಲಿ ಆ ಕನಿಷ್ಠ ಮೊತ್ತವನ್ನು ಕೈಯಲ್ಲಿ ಕಾಸಿಲ್ಲದವನಿಗೂ ಹಾಕುತ್ತಾರೆ. ಬಡತನ ಕೆಲಸಕ್ಕೆ ಬರುವುದು ಕಟ್ಟುವ ರೀತಿಯಲ್ಲಿ. ಕಟ್ಟಲು ನಿಜಕ್ಕೂ ಆಗದವನನ್ನು ವಿಚಾರಿಸದೆ ಜೈಲಿಗೆ ಹಾಕುವಂತಿಲ್ಲ ಎಂದು ಅದೇ ಸುಪ್ರೀಂ ಕೋರ್ಟಿನ 1983ರ ಬಿಯರ್ಡನ್ ತೀರ್ಪು ಹೇಳುತ್ತದೆ. ಆದರೆ ಆಗುತ್ತದೆ ಎಂದು ನೀವೇ ಹೇಳಿದ ಮೇಲೆ ಯಾರು ವಿಚಾರಿಸುತ್ತಾರೆ? ತಮ್ಮನ ಕೈಯಲ್ಲಿ ಸಂಬಳದ ಚೀಟಿ, ಬಾಡಿಗೆ ಕರಾರು, ಬ್ಯಾಂಕ್ ಲೆಕ್ಕ ಇರಲಿ. ಕೋರ್ಟಿನ ಕ್ಲರ್ಕ್ ಕಚೇರಿಯಲ್ಲಿ ತಿಂಗಳ ಕಂತು ಕೇಳಲಿ. ಅದೂ ಆಗದಿದ್ದರೆ ದುಡ್ಡಿನ ಬದಲು ಸಮುದಾಯ ಸೇವೆ ಮಾಡುತ್ತೇನೆಂದು ನ್ಯಾಯಾಧೀಶರನ್ನೇ ಕೇಳಲಿ. ವೀಸಾದಲ್ಲಿದ್ದರೆ ತಪ್ಪೊಪ್ಪುವ ಮೊದಲು ಗಡೀಪಾರಿನ ಅಪಾಯವಿದೆಯೇ ಎಂದು ವಕೀಲರನ್ನು ಕೇಳಲಿ. 2010ರ ಪಡಿಯಾ ತೀರ್ಪಿನ ನಂತರ ಅದನ್ನು ತಿಳಿಸುವುದು ಅವರ ಕರ್ತವ್ಯ. ನೂರು ಡಾಲರಿಗೆ ಈ ಒಂದು ಉತ್ತರ ಸಿಕ್ಕರೂ ಅಗ್ಗವೇ.

ಮನೆ ಬದಲಿಸಿದ್ದರೆ ಹೊಸ ವಿಳಾಸವನ್ನು ಈ ವಾರವೇ ಕೋರ್ಟಿಗೆ ಬರೆದುಕೊಡಲಿ. ಮುಂದಿನ ತಾರೀಖಿಗೆ ಬಸ್ಸಿನಲ್ಲಿ ಹೋಗಲಿ.