ರಾತ್ರಿ ರೇಷ್ಮೆ ಹುಳು ಮನೆಯಲ್ಲಿ ಸೌದೆ ಒಲೆ ಉರಿಯೋಕೆ ಬಿಟ್ಟು ಬೀಗ ಹಾಕ್ಕೊಂಡು ಬರಬಹುದಾ?

ನೀವು ಕೇಳಿರೋದು ಇಷ್ಟು: ಚಿಂತಾಮಣಿ ಕಡೆ ತೋಟದಲ್ಲಿ ಹುಳು ಮನೆ, ನಿಮ್ಮ ವಾಸ ಊರೊಳಗೆ. ಚಳಿಗೆ ಹುಳು ಸರಿಯಾಗಿ ಮೇಯ್ತಿಲ್ಲ. ರಾತ್ರಿ ಕೊನೇ ಸೊಪ್ಪು ಕೊಟ್ಟು, ಒಲೆಗೆ ದಪ್ಪ ಕೊರಡು ತುರುಕಿ, ಬೀಗ ಹಾಕ್ಕೊಂಡು ಬಂದ್ರೆ ಬೆಳಗಿನ ತನಕ ಏನೂ ಆಗಲ್ವಾ ಅಂತ. ಶಿಡ್ಲಘಟ್ಟದ ಕಡೆ ನಮ್ಮ ಮನೆಯಲ್ಲೂ ಇದೇ ಕಸುಬು, ಹಾಗಾಗಿ ಹೇಳ್ತೀನಿ: ಉರಿ ಬಿಟ್ಟು ಬರಬೇಡಿ. ಕೆಂಡ ಬಿಟ್ಟು ಬರಬಹುದು, ಅದಕ್ಕೂ ಕೆಲವು ಷರತ್ತಿದೆ.

ಆ ಕೊರಡಿನ ವಿಷಯ ಮೊದಲು. ಅದರ ಅರ್ಧ ಭಾಗ ಒಲೆಯ ಬಾಯಿಂದ ಹೊರಗೆ ಚಾಚಿರುತ್ತೆ. ಮನೆಯಲ್ಲಾದ್ರೆ ಹೋಗ್ತಾ ಬರ್ತಾ ಒಳಕ್ಕೆ ತಳ್ತೀವಿ. ಯಾರೂ ಇಲ್ಲದಾಗ ಉರಿ ಕೊರಡಿನ ಗುಂಟ ನಿಧಾನಕ್ಕೆ ಹೊರಗೆ ಬರುತ್ತೆ, ಸುಟ್ಟ ಜಾಗದಲ್ಲಿ ಮುರಿದು ತುದಿ ನೆಲಕ್ಕೆ ಬೀಳುತ್ತೆ. ಸುತ್ತ ಏನಿದೆ ನೋಡಿ. ಹುಳು ಗೂಡು ಕಟ್ಟೋ ಬಿದಿರಿನ ಚಂದ್ರಂಕಿ, ಹುಳುವನ್ನ ಕಾಡೋ ಉಜಿ ನೊಣ ಬರದಿರಲಿ ಅಂತ ಕಟ್ಟಿದ ನೈಲಾನ್ ಪರದೆ, ಗೋಣಿ, ಹಳೇ ಪೇಪರ್, ಹುಳು ಮೇಯ್ದು ಬಿಟ್ಟ ಒಣ ಕಡ್ಡಿ. ಅಡುಗೆಮನೆಯಲ್ಲಿ ಬಿದ್ದ ಕೊಳ್ಳಿ ಸಗಣಿ ಸಾರಿಸಿದ ನೆಲದ ಮೇಲೇ ಆರಿ ಹೋದೀತು, ಇಲ್ಲಿ ಆರಲ್ಲ.

ಇನ್ನು ಬೆಂಕಿ ಬೇಕಾ ಅನ್ನೋದು. ಮ್ಯಾಕ್ಸಿಮಮ್-ಮಿನಿಮಮ್ ಥರ್ಮಾಮೀಟರ್ ಒಂದು ತಂದು ಹುಳುವಿನ ತಟ್ಟೆಯ ಎತ್ತರಕ್ಕೆ ನೇತು ಹಾಕಿ, ಬಾಗಿಲ ಪಕ್ಕ ಅಲ್ಲ. ರಾತ್ರಿ ಎಷ್ಟಕ್ಕೆ ಇಳಿದಿತ್ತು ಅಂತ ಬೆಳಿಗ್ಗೆ ಅದೇ ತೋರಿಸುತ್ತೆ. ಚಾಕಿ ಹುಳುವಿಗೆ, ಅಂದ್ರೆ ಮೊದಲ ಎರಡು ಹಂತದ ಎಳೇ ಹುಳುವಿಗೆ, 27–28 ಡಿಗ್ರಿ ಬೇಕು, ಮೂರನೇ ಹಂತಕ್ಕೆ 26, ನಾಲ್ಕಕ್ಕೆ 25, ಕೊನೇ ಹಂತಕ್ಕೆ 24 ಸಾಕು. ಹುಳು ಮೇವು ಬಿಟ್ಟು ಪೊರೆ ಕಳಚೋದಕ್ಕೆ ಜ್ವರ ಅಂತೀವಿ; ಎಳೇ ಹುಳು ಸಾಕಿ ಕೊಡೋ ಚಾಕಿ ಕೇಂದ್ರದಿಂದ ಎರಡನೇ ಜ್ವರ ಎದ್ದ ಹುಳು ತರೋರಾದ್ರೆ ಅತಿ ಶಾಖ ಬೇಡುವ ದಿನಗಳು ಅಲ್ಲೇ ಕಳೆದಿರುತ್ತೆ. ನಾಲ್ಕನೇ ಜ್ವರ ಎದ್ದ ಮೇಲಂತೂ ಶಾಖಕ್ಕಿಂತ ಗಾಳಿ ಮುಖ್ಯ. ಆಗ ಕಿಟಕಿ ಬಿಗಿದು ಬೆಂಕಿ ಹಾಕಿದ್ರೆ ಹುಳು ಸೊರಗಿ ಸಾಯೋ ಸಪ್ಪೆ ರೋಗವನ್ನ ಕೈಯಾರೆ ಕರೆದ ಹಾಗೆ. ಹಾಗಂತ ಚಳಿಯನ್ನ ಕಡೆಗಣಿಸೋಕಾಗಲ್ಲ. ತಂಪಿನ ಜೊತೆ ತೇವ ಸೇರಿದ್ರೆ ಸುಣ್ಣಕಟ್ಟು ಅನ್ನೋ ಬೂಷ್ಟು ರೋಗ ಬರುತ್ತೆ, ಮೇವು ಕುಂಠಿತವಾಗಿ ಜ್ವರಕ್ಕೆ ಕೂರೋದು ಏಳೋದು ಎಲ್ಲಾ ತಡವಾಗುತ್ತೆ.

ಎಷ್ಟೋ ರಾತ್ರಿ ಬೆಂಕಿಯೇ ಬೇಡ. ಸಂಜೆ ಬಿಸಿಲು ಇಳಿಯೋ ಮುಂಚೆಯೇ, ಹಗಲಿನ ಶಾಖ ಒಳಗಿರುವಾಗಲೇ, ಉತ್ತರ ಮತ್ತು ಪೂರ್ವದ ಕಿಟಕಿಗಳಿಗೆ ಗೋಣಿ ಇಳಿಬಿಡಿ. ಚಾಕಿ ತಟ್ಟೆಗಳ ಮೇಲೆ ಮೇಣದ ಪೇಪರ್ ಹೊದಿಸಿ. ಮೇಲಿನ ಗವಾಕ್ಷಿ ಮಾತ್ರ ಮುಚ್ಚಬೇಡಿ. ನಮ್ಮಲ್ಲಿ ಬಹಳ ಜನ ಇಷ್ಟನ್ನ ಮಾಡದೆ ನೇರ ಒಲೆಗೇ ಕೈ ಹಾಕ್ತಾರೆ, ಯಾಕೋ ಗೊತ್ತಿಲ್ಲ.

ಇಷ್ಟು ಮಾಡಿಯೂ ಸಾಲದಿದ್ರೆ ಕುಂಪಟಿ, ಅಂದ್ರೆ ಬಾಂಡ್ಲಿಯಲ್ಲಿ ತುಂಬಿಟ್ಟ ಕೆಂಡ. ಸೌದೆಯನ್ನ ಒಳಗೆ ಹೊತ್ತಿಸಬೇಡಿ, ಅಂಗಳದಲ್ಲಿ ಹೊತ್ತಿಸಿ. ಜಾಲಿ ಆದ್ರೆ ಒಳ್ಳೇದು, ಕೆಂಡ ಗಟ್ಟಿ ನಿಲ್ಲುತ್ತೆ. ಹಸಿ ನೀಲಗಿರಿ ಹೊಗೆ ಹೆಚ್ಚು, ಚಟಪಟ ಸಿಡಿಯುತ್ತೆ. ಹಿಪ್ಪುನೇರಳೆ ಕಡ್ಡಿ ಭಗ್ಗನೆ ಉರಿದು ಬೂದಿಯಾಗುತ್ತೆ, ಕೆಂಡಕ್ಕೆ ಬರಲ್ಲ. ಹೊಗೆ ಪೂರ್ತಿ ನಿಂತು, ಕೆಂಡದ ಮೇಲೆ ಆಡೋ ನೀಲಿ ನಾಲಿಗೆಯೂ ಅಡಗೋ ತನಕ ಕಾಯಿರಿ. ಆಮೇಲೆ ಕಬ್ಬಿಣದ ಬಾಂಡ್ಲಿಯಲ್ಲಿ ತಳಕ್ಕೆ ಬೂದಿ, ನಡುವೆ ಕೆಂಡ, ಮೇಲೆ ಮತ್ತೆ ಎರಡು ಬೆರಳು ದಪ್ಪ ಬೂದಿ. ಬಾಂಡ್ಲಿ ಅರ್ಧಕ್ಕಿಂತ ಹೆಚ್ಚು ತುಂಬಬಾರದು. ಒಳಗೆ ಮರಳು ಹಾಸಿ ನಾಲ್ಕು ಇಟ್ಟಿಗೆಯ ಮೇಲೆ ಕೂರಿಸಿ, ಇಲಿ ಬೆಕ್ಕು ಹಾರಿದ್ರೂ ಏನೂ ಒಳಗೆ ಬೀಳದ ಹಾಗೆ ಮೇಲೊಂದು ಕಬ್ಬಿಣದ ಜಾಲರಿ. ಸುತ್ತ ಮೂರು ಅಡಿ ಒಳಗೆ ಬಿದಿರು, ಬಟ್ಟೆ, ಪ್ಲಾಸ್ಟಿಕ್ ಏನೂ ಇರಬಾರದು, ನೆತ್ತಿಯ ಮೇಲಂತೂ ಏನೂ ತೂಗಬಾರದು. ಪಕ್ಕದಲ್ಲಿ ಅಗಲ ಬಾಯಿಯ ಪಾತ್ರೆಯಲ್ಲಿ ನೀರಿಡಿ, ಇಲ್ಲಾಂದ್ರೆ ಗಾಳಿ ಒಣಗಿ ಸೊಪ್ಪು ಬಾಡುತ್ತೆ. ಇಟ್ಟ ತಕ್ಷಣ ಹೊರಡಬೇಡಿ. ಅರ್ಧ ಗಂಟೆ ಅಲ್ಲೇ ಇದ್ದು, ಹೊಗೆ ಎದ್ರೆ ಬಾಂಡ್ಲಿ ಹೊರಕ್ಕೆ. ಹುಳು ಹೊಗೆ ತಾಳಲ್ಲ.

ಈಗ ಬೆಂಕಿಗಿಂತ ನನಗೆ ಹೆಚ್ಚು ಭಯ ಇರೋ ವಿಷಯ. ಒಲೆ ಕಾಯೋಕೆ ಅಂತ ಆಳನ್ನೋ ಮಗನನ್ನೋ ಹುಳು ಮನೆಯೊಳಗೆ ಮಲಗಿಸೋರಿದ್ದಾರೆ. ಬೀಗ ಹಾಕ್ಕೊಂಡು ಬರೋದಕ್ಕಿಂತ ಇದು ಕೆಟ್ಟದ್ದು. ಬೂದಿ ಮುಚ್ಚಿದ ಕೆಂಡಕ್ಕೆ ಗಾಳಿ ಸಾಲದೆ ಕಾರ್ಬನ್ ಮೊನಾಕ್ಸೈಡ್ ಬಿಡ್ತಾ ಇರುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ, ಹೊಗೆ ಕಾಣದ ಮಾತ್ರಕ್ಕೆ ಅದು ಇಲ್ಲ ಅಂತಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಿಗಿಯಾಗಿ ಅಂಟಿಕೊಳ್ಳುತ್ತೆ. ತಲೆನೋವು, ವಾಂತಿ, ಮಂಪರು, ಮಲಗಿದವರಿಗೆ ಅದೂ ಗೊತ್ತಾಗಲ್ಲ. ಮನೆ ಬೆಚ್ಚಗಿರಲಿ ಅಂತ ಕಿಟಕಿ ಸಂದಿಗೆಲ್ಲಾ ಬಟ್ಟೆ ತುರುಕಿದ್ರಂತೂ ಮುಗೀತು. ಕಾಯೋರು ಹೊರಗೆ ಜಗಲಿ ಮೇಲೆ ಕಂಬಳಿ ಹೊದ್ದು ಮಲಗಲಿ. ಬೆಳಿಗ್ಗೆ ನೀವು ಹೋದಾಗಲೂ ಬಾಗಿಲು ಕಿಟಕಿ ತೆರೆದು ಸ್ವಲ್ಪ ಹೊತ್ತು ಹೊರಗೇ ನಿಂತು ಆಮೇಲೆ ಒಳಗೆ ಹೋಗಿ, ಸೊಪ್ಪಿಗೆ ಅಷ್ಟು ಅವಸರ ಇಲ್ಲ.

ಪ್ರತಿ ಚಳಿಗಾಲವೂ ಇದೇ ಪಾಡಾದ್ರೆ ಒಲೆಯನ್ನೇ ಗೋಡೆಯಾಚೆಗೆ ಹಾಕಿ. ಹುಣಸೂರು, ಪಿರಿಯಾಪಟ್ಟಣದ ತಂಬಾಕು ಎಲೆ ಹದ ಮಾಡೋ ಬ್ಯಾರನ್‌ಗಳಲ್ಲಿ ನೋಡಿರಬಹುದು, ಸೌದೆ ಉರಿಯೋದು ಹೊರಗೆ, ಕೊಳವೆ ಮಾತ್ರ ಒಳಗೆ ಹಾಯ್ದು ಶಾಖ ಕೊಟ್ಟು ಹೊಗೆಯನ್ನ ಸೂರಿನ ಮೇಲಕ್ಕೆ ಬಿಡುತ್ತೆ. ಅದೇ ತತ್ವ, ಚಿಕ್ಕ ಅಳತೆಯಲ್ಲಿ. ಕೊಳವೆಯಿಂದ ಬಿದಿರು-ಬಟ್ಟೆಗೆ ಒಂದೂವರೆ ಅಡಿ ಬಿಡಿ, ಗೋಡೆ ತೂತಿನ ಸುತ್ತ ಮಣ್ಣು ಮೆತ್ತಿಸಿ, ಕೀಲುಗಳಲ್ಲಿ ಹೊಗೆ ಸೋರುತ್ತಾ ಅಂತ ಹುಳು ತರೋ ಮುಂಚೆಯೇ ಉರಿಸಿ ನೋಡಿ. ಗಾಳಿ ತಡೆದು ಮಂದವಾಗಿ ಉರಿಸಿದಷ್ಟೂ ಕೊಳವೆಯೊಳಗೆ ಅಂಟು ಮಸಿ ಹೆಚ್ಚು, ಆ ಮಸಿಗೇ ಒಂದಿನ ಬೆಂಕಿ ಹತ್ತುತ್ತೆ, ಹಾಗಾಗಿ ಪ್ರತಿ ಬೆಳೆಗೊಮ್ಮೆ ಕೆರೆಸಿ. ಇದರಲ್ಲೂ ಉರಿ ಇಳಿಸಿ, ಒಲೆ ಬಾಯಿಗೆ ತಗಡು ಇಟ್ಟೇ ಹೊರಡಬೇಕು. ಆದ್ರೆ ಬಿದ್ದ ಕೊಳ್ಳಿ ಅಂಗಳದಲ್ಲಿ ಬೀಳುತ್ತೆ, ಚಂದ್ರಂಕಿ ಕೆಳಗೆ ಅಲ್ಲ.

ಕರೆಂಟ್ ಹೀಟರ್ ಥರ್ಮೋಸ್ಟಾಟ್ ಇರೋದಾದ್ರೆ ಎಲ್ಲಕ್ಕಿಂತ ವಾಸಿ, ತೋಟದಲ್ಲಿ ರಾತ್ರಿಯಿಡೀ ಕರೆಂಟ್ ನಿಲ್ಲೋದಾದ್ರೆ.

ಇನ್ನೆರಡು ಮಾತು. ಸೋಂಕು ನಿವಾರಣೆಗೆ ತಂದ ಬ್ಲೀಚಿಂಗ್ ಪೌಡರ್ ಚೀಲ, ಫಾರ್ಮಾಲಿನ್ ಕ್ಯಾನು ಹುಳು ಮನೆ ಮೂಲೆಯಲ್ಲೇ ಇದ್ರೆ ಒಲೆ ಹಚ್ಚೋ ಮುಂಚೆ ಬೇರೆ ಕಡೆ ಸಾಗಿಸಿ. ಬೆಳಿಗ್ಗೆ ಬಾಂಡ್ಲಿ ಬೂದಿಯನ್ನ ಪ್ಲಾಸ್ಟಿಕ್ ಬಕೆಟ್‌ಗೋ ಒಣ ಕಸದ ತಿಪ್ಪೆಗೋ ಸುರಿಯಬೇಡಿ. ಬೂದಿಯೊಳಗಿನ ಕೆಂಡ ಒಂದೆರಡು ದಿನ ಆದ್ರೂ ಜೀವ ಹಿಡಿದಿರುತ್ತೆ, ನೀರು ಹಾಕಿ ಕಲಸಿಯೇ ಚೆಲ್ಲಿ.

ನಿಮ್ಮದು ಶೀಟಿನ ಮನೆಯಾ, ಹೆಂಚಾ, ಆರ್‌ಸಿಸಿಯಾ, ಈಗ ಹುಳು ಎಷ್ಟನೇ ಜ್ವರದಲ್ಲಿದೆ ಅಂತ ಬರೆದ್ರೆ ಇನ್ನಷ್ಟು ಖಚಿತವಾಗಿ ಹೇಳಬಹುದು. ತೆಂಗಿನ ಗರಿ ಹೊದಿಸಿದ ಸೂರಾದ್ರೆ ಮಾತ್ರ ಕುಂಪಟಿ, ಕೊಳವೆ ಎರಡೂ ಬೇಡ. ಗೋಣಿ, ಮೇಣದ ಪೇಪರ್‌ನಲ್ಲೇ ಈ ಬೆಳೆ ದಾಟಿಸಿ.